ಮೂರನೆಯ ದಿನದ ಭಂಡಾರ

ಮಕ್ತಲ್ ಹತ್ತಿರದ ನಮ್ಮೂರಿನಲ್ಲಿ ಕುರುಬರ ಮನೆಯ ಹಿರಿಸೊಸೆ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದು ತೆಲಂಗಾಣ ರಾಜ್ಯವಾದ ವರ್ಷ. ತಳ್ಳಿದವನು ಮೈದುನ ಎಂದು ಶಿಕ್ಷೆಯಾಯಿತು. ಏಳು ವರ್ಷದ ಮೇಲೆ ಮೇಲಿನ ಕೋರ್ಟು ಪುರಾವೆಯಿಲ್ಲವೆಂದು ಅವನನ್ನು ಬಿಟ್ಟಿತು. ಊರು ಬಿಡಲಿಲ್ಲ. ಊರಿನ ಪುರಾವೆಯೇ ಬೇರೆ. ಹಿರಿಯರು ಬೀರಪ್ಪನ ಗುಡಿಯ ಮುಂದೆ ಭಂಡಾರದ ತಟ್ಟೆ ಹಿಡಿದು "ಮುಟ್ಟಿ ಆಣಿ ಮಾಡು" ಎಂದಾಗ ಅವನು ಕೈ ಹಿಂದೆ ಎಳೆದುಕೊಂಡಿದ್ದ. ದೇವರ ಆ ಅರಿಸಿನ ಮುಟ್ಟದವನು ತಪ್ಪು ಒಪ್ಪಿದಂತೆ ಎಂದು ನಾವೆಲ್ಲ ನಂಬಿದವರು. ಅವನು ಕೈ ಎಳೆದುಕೊಂಡದ್ದನ್ನು ಕಣ್ಣಾರೆ ಕಂಡೆನೆಂದು ಪೊಲೀಸರಿಗೂ ಕೋರ್ಟಿಗೂ ಹೇಳಿದವನು ನಾನು, ಊರಿನಲ್ಲಿ ಎಂ.ಎ. ಓದಿದವನು ನಾನೊಬ್ಬನೇ ಇದ್ದೆ.

ಬಿಡುಗಡೆಯಾದ ಮೇಲೆ ಅವನು ಗದ್ವಾಲದಲ್ಲಿ ಕುರಿ ವ್ಯಾಪಾರಿಯೊಬ್ಬನ ದೊಡ್ಡಿಯಲ್ಲಿ ಕೆಲಸಕ್ಕಿದ್ದ. ಮಗಳಿಗೆ ಗಟ್ಟು ಊರಿನ ಕಡೆಯ ಸಂಬಂಧ ಬಂದಿತ್ತು. ಗಂಡಿನವರದು ಒಂದೇ ಷರತ್ತು: ಊರ ಗುಡಿಯಲ್ಲಿ ಹಿರಿಯರು ಹುಡುಗಿಯ ಅಪ್ಪನ ಹಣೆಗೆ ಭಂಡಾರ ಹಚ್ಚಬೇಕು, ಆಮೇಲೆ ನಿಶ್ಚಯ. ಹಿರಿಯರು ಅದನ್ನು ಕಾಲೇಜು ಮೇಷ್ಟ್ರಾದ ನನ್ನ ಕಡೆ ತಳ್ಳಿದರು. "ಮೇಷ್ಟ್ರು ಹೇಳಿದ್ರ ಹಚ್ಚತೀವಿ."

ಅದೇ ದಿನಗಳಲ್ಲಿ ಹೈದರಾಬಾದಿನಿಂದ ಒಬ್ಬ ಹುಡುಗಿ ಬಂದಳು. ಅನುಮಾನದ ಸಾವು, ತಪ್ಪು ಶಿಕ್ಷೆಗಳ ಬಗ್ಗೆ ತೆಲುಗಿನಲ್ಲಿ ಪಾಡ್‌ಕಾಸ್ಟ್ ಮಾಡುವವಳು. ಅವಳನ್ನು ನಾರಾಯಣಪೇಟೆಯ ನನ್ನ ಮನೆಗೆ ಕರೆತಂದವನು ಅವನೇ. ಅವಳು ಮೈಕು ಜೋಡಿಸುತ್ತಿದ್ದಾಗ ನನ್ನ ಕಿವಿಯ ಹತ್ತಿರ ಬಂದ.

"ಸರ್, ಒಂದ ಮಾತು ಹೇಳ್ರಿ, ಸಾಕು. 'ನನಗ ಸೂತಕ ಐತ್ರಿ, ಭಂಡಾರ ಹೆಂಗ ಮುಟ್ಟಲಿ' ಅಂದಿದ್ದೆ. ನೀವು ನನ್ನ ಮಗ್ಗಲದಾಗ ನಿಂತಿದ್ರಿ."

ಹಿಂದಿನ ದಿನ ನಾನು ಹಳೆಯ ಡೈರಿ ತೆಗೆದು ನೋಡಿದ್ದೆ. ಒಂದೇ ಸಾಲಿತ್ತು: ಕೈ ಹಿಂದೆಳೆದುಕೊಂಡ. ಸೂತಕದ ಮಾತು ಇರಲಿಲ್ಲ. ಆದರೆ ಆ ಮಾತು ನನ್ನ ಕಿವಿಯಲ್ಲಿತ್ತು. ಅವತ್ತು ಕೇಳಿದ್ದೋ, ಅವನು ಜೈಲಿನಿಂದ ಬಂದು ಹೇಳಿದ ಮೇಲೆ ಸೇರಿಕೊಂಡದ್ದೋ, ತಿಳಿಯಲಿಲ್ಲ. ಇನ್ನೊಂದನ್ನೂ ಹೇಳಬೇಕು. ಇಂಥ ಪಾಡ್‌ಕಾಸ್ಟುಗಳನ್ನು ನಾನು ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ತಿಂಗಳುಗಟ್ಟಲೆ ಕೇಳಿದ್ದೆ. ಅವುಗಳಲ್ಲಿ ಕೆಡುಕು ಮಾಡುವವನು ಯಾವಾಗಲೂ 'ನನಗೆ ಖಾತ್ರಿಯಿದೆ' ಎನ್ನುವ ಸಾಕ್ಷಿ. ನಾನು ಹಾಗಾಗಬಾರದಿತ್ತು.

"ಅವನು ಹಾಗೆ ಅಂದಿರಬಹುದು," ಎಂದೆ ಮೈಕಿಗೆ. "ಅಂದನೆಂದು ಆಣೆ ಮಾಡಿ ಹೇಳಲಾರೆ. ನೆನಪನ್ನು ನಾನು ನಂಬುವುದಿಲ್ಲ."

ಇಷ್ಟು ಪ್ರಾಮಾಣಿಕವಾಗಿ ಯಾರೂ ಮಾತಾಡಿಲ್ಲ ಸಾರ್, ಎಂದಳು ಹುಡುಗಿ. ಅವನು ನೆಲ ನೋಡುತ್ತಿದ್ದ. ನನಗೆ ಸಂತೋಷವಾಗಿತ್ತು.

ಆ ಕಂತು ಬಂದ ವಾರ ಗುಡಿಕಟ್ಟೆಯ ಮೇಲೆ ಅದನ್ನು ಮೊಬೈಲಿನಲ್ಲಿ ಜೋರಾಗಿ ಹಾಕಿದರಂತೆ. ನನ್ನ ಮಾತು ಬಂದಾಗ ನಿಲ್ಲಿಸಿ, ಮತ್ತೆ ಹಾಕಿ, ನಕ್ಕರಂತೆ. "ಇವನ ಪರವಾಗಿ ಬಂದ ಸಾಕ್ಷಿಗೇ ಗ್ಯಾರಂಟಿ ಇಲ್ಲಪೋ!" ಗಂಡಿನವರು ಅಲ್ಲೇ ಕುಳಿತಿದ್ದರು. ಎದ್ದು ಹೋದರು.

ಸಂಜೆ ಅವನ ಫೋನು ಬಂತು. ಬೈಯುತ್ತಾನೆ ಎಂದುಕೊಂಡೆ.

"ಸರ್, ನಾ ಏನಂದೆ ಅನ್ನೋದು ಬಿಡ್ರಿ. ಸತ್ತಾಕಿ ನಮ್ಮಣ್ಣನ ಹೇಣ್ತಿ ಹೌದಲ್ರಿ?"

"ಹೌದು."

"ತಟ್ಟಿ ಹಿಡಿದಿದ್ದು ಮಣ್ಣು ಮಾಡಿದ ಮೂರನೇ ದಿನ. ಕೋರ್ಟಿನ ಕಾಗದದಾಗೂ ಅದ ಐತಿ. ಮೂರನೇ ದಿನಕ್ಕ ಸೂತಕ ಇರತೈತೋ ಇಲ್ಲೋ? ಇದಕ್ಕೂ ನೆನಪು ಬೇಕೇನ್ರಿ?"

ಬೇಕಿರಲಿಲ್ಲ. ಸೂತಕದ ಕೈ ಭಂಡಾರ ಮುಟ್ಟಬಾರದೆಂದು ಅವತ್ತು ಗುಡಿಯ ಮುಂದೆ ನಿಂತಿದ್ದ ಎಲ್ಲರಿಗೂ ಗೊತ್ತಿತ್ತು. ಮುಟ್ಟಿದ್ದರೆ ದೇವರನ್ನು ಕೆಡಿಸಿದನೆಂದು ಹೊಡೆಯುತ್ತಿದ್ದೆವು. ಮುಟ್ಟಲಿಲ್ಲ, ಕೊಲೆಗಾರ ಎಂದೆವು. ಮೈಕಿನ ಮುಂದೆ ದಿನ ಎಣಿಸಿ ಹೇಳಿದ್ದರೆ ಆಗುತ್ತಿತ್ತು. ನಾನು ನನ್ನ ನೆನಪನ್ನು ತೂಗುತ್ತ ಕುಳಿತಿದ್ದೆ.

ಭಾನುವಾರ ಗದ್ವಾಲಕ್ಕೆ ಹೋದೆ. ದೊಡ್ಡಿಯ ಹಿಂದಿನ ಖೋಲಿಯಲ್ಲಿ ಮಗಳು ಒಬ್ಬಳೇ ಇದ್ದಳು. ಹಿರಿಯರ ಮುಂದೆಯೂ ಗಂಡಿನವರ ಮುಂದೆಯೂ ಬಂದು ಮೂರನೆಯ ದಿನದ ಮಾತು ಹೇಳುತ್ತೇನೆ ಎಂದೆ.

"ಹುಡುಗಗ ಬ್ಯಾರೆ ಕಡೆ ಎಲಿ ಅಡಿಕಿ ಆತ್ರಿ," ಎಂದಳು. ಅಳಲಿಲ್ಲ. "ಹೇಳೂದಾದ್ರ ಹೇಳ್ರಿ, ನಿಮಗ ಹಗರ ಆಗತೈತಿ. ನಮ್ಮಪ್ಪನ ಮುಂದ ಮಾತ್ರ ಬರಬ್ಯಾಡ್ರಿ. ನೀವು ಭಾಳ ಒಳ್ಳೇರು ಅಂತ ಇನ್ನೂ ಅಂತಾನ. ಅದು ನನಗ ಕೇಳಾಕ ಆಗಂಗಿಲ್ಲ."

ನಾನು ಹಿರಿಯರ ಹತ್ತಿರ ಹೋಗಲಿಲ್ಲ. ಈಗ ಹೇಳಿ ಪ್ರಯೋಜನವೇನು ಎಂದುಕೊಂಡು ನಾರಾಯಣಪೇಟೆಯ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಸ್ವಲ್ಪ ಹೊತ್ತಿಗೆ ನಿದ್ದೆಯೂ ಬಂತು.