ನಾನು ಬರೆದ ಎರಡು ಅರ್ಜಿಗಳು

"ಅಪ್ಪಾ, ಅಮೆರಿಕಾದವರು ದೇಶಕ್ಕೆಲ್ಲ ಮದ್ಯ ಬ್ಯಾನ್ ಮಾಡಿ, ಆಮೇಲೆ ಅವರೇ ಯಾಕೆ ವಾಪಸ್ ತಗೊಂಡ್ರು? ನಾಲ್ಕು ಪಾಯಿಂಟ್ ಹೇಳು, ಸಾಕು."

ಮೊನ್ನೆ ಸಂಜೆ ಯಲಹಂಕದ ನಮ್ಮ ಮನೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ಮಗಳು ಕೇಳಿದಳು. ಮೂರನ್ನು ಗಡಗಡ ಹೇಳಿದೆ: ಕಳ್ಳ ವ್ಯಾಪಾರ ಬೆಳೆಯಿತು, ಕಳ್ಳಭಟ್ಟಿ ಕುಡಿದು ಜನ ಸತ್ತರು, ಸರ್ಕಾರಕ್ಕೆ ತೆರಿಗೆ ತಪ್ಪಿತು. ನಾಲ್ಕನೆಯದಕ್ಕೆ ಬಾಯಿ ಕಟ್ಟಿತು. ಅಮೆರಿಕಾ ನನಗೆಷ್ಟು ಗೊತ್ತು ಹೇಳಿ? ನನಗೆ ಗೊತ್ತಿರುವುದು ಹುಣಸಮಾರನಹಳ್ಳಿ ಕಡೆಯ ನಮ್ಮೂರು. ಅಲ್ಲೂ ಒಮ್ಮೆ ಮದ್ಯ ನಿಷೇಧವಾಗಿತ್ತು. ಅದರ ಅರ್ಜಿ ಬರೆದವನು ನಾನೇ.

ಬರೆಸಿದವಳು ನಮ್ಮ ದೊಡ್ಡಮ್ಮ. ದೊಡ್ಡಪ್ಪ ದಿನಾ ಸಂಜೆ ಊರೊಳಗಿನ ಬ್ರಾಂದಿ ಅಂಗಡಿಯಲ್ಲಿ ಕುಡಿದು, ದೀಪ ಹಚ್ಚುವ ಹೊತ್ತಿಗೆ ಗೋಡೆ ಹಿಡಿದುಕೊಂಡು ಮನೆ ಸೇರುತ್ತಿದ್ದರು. ಬೈಗುಳ, ಒಮ್ಮೊಮ್ಮೆ ಹೊಡೆತ. ಬೆಳಿಗ್ಗೆ ಎದ್ದರೆ ಅದೇ ಮನುಷ್ಯ ಅವಳಿಗೆ ಮೊದಲು ಕಾಫಿ ಕಾಸಿಕೊಡುತ್ತಿದ್ದರು.

"ಆ ಅಂಗ್ಡಿ ಒಂದಿಲ್ದಿದ್ರೆ ನಮ್ಮನೆಯೋರು ಚಿನ್ನ ಕಣಪ್ಪಾ. ನೀನು ಓದಿರೋನು, ಚೆನ್ನಾಗ್ ಬರ್ಕೊಡು" ಎಂದಳು.

ಚೆನ್ನಾಗಿ ಎಂದ ಮೇಲೆ ಕೇಳಬೇಕೆ! ಆಗಷ್ಟೇ ಡಿಗ್ರಿ ಮುಗಿಸಿದ್ದ ಮಹಾಪಂಡಿತ ನಾನು. ನೊಂದ ತಾಯಂದಿರ ಕಣ್ಣೀರು, ಕತ್ತಲಲ್ಲಿ ಮುಳುಗಿದ ಗ್ರಾಮ ಎಂದೆಲ್ಲ ತುರುಕಿ ಎರಡು ಪುಟ ಗೀಚಿದೆ. ದೊಡ್ಡಮ್ಮ ಮೂರು ಸಲ ಓದಿಸಿ ಕೇಳಿ ಅತ್ತಳು. ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತಿದರು. ಅಂಗಡಿ ಮುಚ್ಚಿತು. ಊರಲ್ಲಿ ಯಾರೂ ಕುಡಿಯುವ ಹಾಗಿಲ್ಲ ಎಂದು ಹಿರಿಯರು ಕಟ್ಟಪ್ಪಣೆ ಮಾಡಿದರು. ನಾನು ಒಂದು ವಾರ ಎದೆಯುಬ್ಬಿಸಿಕೊಂಡು ಓಡಾಡಿದೆ.

ಗಂಡಸರು ಕುಡಿತ ಬಿಡಲಿಲ್ಲ. ಏರ್‌ಪೋರ್ಟ್ ರಸ್ತೆ ದಾಟಿ ಆಚೆ ಬದಿಯ ಬಾರಿಗೆ ಹೋಗತೊಡಗಿದರು, ಅಷ್ಟೇ. ಹೋಗುವಾಗ ನೆಟ್ಟಗೆ ದಾಟುತ್ತಿದ್ದರು, ಬರುವಾಗ ತೂರಾಡುತ್ತ. ಆ ರಸ್ತೆಯಲ್ಲಿ ಕಾರುಗಳು ಹೇಗೆ ನುಗ್ಗುತ್ತವೆಂದು ನಿಮಗೆ ಹೇಳಬೇಕಾಗಿಲ್ಲ. ಮೂರನೆಯ ತಿಂಗಳು, ಇನ್ನೂ ಬೆಳಕಿರುವಾಗಲೇ, ಡಿವೈಡರ್ ಇಳಿಯುತ್ತಿದ್ದ ದೊಡ್ಡಪ್ಪನಿಗೆ ಕಾರು ಬಡಿಯಿತು. ಅಲ್ಲೇ ಜೀವ ಹೋಯಿತು. ದೊಡ್ಡಮ್ಮನಿಗೆಂದು ಕಟ್ಟಿಸಿಕೊಂಡಿದ್ದ ಬೋಂಡದ ಪೊಟ್ಟಣ ಇನ್ನೂ ಬಿಸಿಯಾಗಿಯೇ ಇತ್ತಂತೆ.

ತಿಥಿ ಮುಗಿದ ಮಾರನೆಯ ದಿನ ದೊಡ್ಡಮ್ಮ ಒಂದು ಬಿಳಿ ಹಾಳೆ ಹಿಡಿದು ಬಂದಳು. "ಇನ್ನೊಂದ್ ಅರ್ಜಿ ಬರಿ. ಅಂಗ್ಡಿ ತೆಗೀಲಿ."

ನಾನು ಕಕ್ಕಾಬಿಕ್ಕಿಯಾದೆ. "ಜನ ಏನಂತಾರೆ ದೊಡ್ಡಮ್ಮ? ಕಾರಣ ಏನಂತ ಬರೀಲಿ?"

"ಅನ್ಲಿ ಬಿಡು. ನಂದಂತೂ ಓಯ್ತು. ಮಿಕ್ಕೋರ ಗಂಡಂದ್ರು ರಸ್ತೆ ಈಚೇಲೇ ಕುಡ್ದು, ಗೋಡೆ ಇಡ್ಕಂಡಾದ್ರೂ ಮನೆಗ್ ಬರ್ಲಿ. ಇಂಗೇ ಬರಿ." ಆಮೇಲೆ ಮೆಲ್ಲಗೆ, "ಈ ಸಲ ಚೆನ್ನಾಗ್ ಬರೀಬ್ಯಾಡ" ಎಂದಳು.

ಎರಡೇ ಸಾಲು ಬರೆದೆ. ಮೊದಲ ಹೆಬ್ಬೆಟ್ಟು ಅವಳದೇ. ಅಂಗಡಿ ತೆರೆದ ಸಂಜೆಯೇ ಪಕ್ಕದ ಮನೆಯಿಂದ ಹೆಂಗಸಿನ ಅಳು ಕೇಳಿಸಿತು. ದೊಡ್ಡಮ್ಮ ಜಗಲಿಯ ಮೇಲೆ ಕೂತು ಕಿವಿ ಮುಚ್ಚಿಕೊಂಡಳು. ನನ್ನನ್ನು ಮಾತ್ರ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅವಳು ಹೋಗಿ ನಾಲ್ಕು ವರ್ಷವಾಯಿತು, ಇನ್ನು ಯಾರು ಅನ್ನಬೇಕು?

"ಅಪ್ಪಾ, ನಾಲ್ಕನೇದು?"

"ಕುಡಿದಾದರೂ ಮನೆಗೆ ಬರಲಿ ಅಂತ" ಎಂದೆ.

"ಅಯ್ಯೋ, ಇದಕ್ಕೆ ಮಾರ್ಕ್ಸ್ ಕೊಡಲ್ಲಪ್ಪ" ಎಂದು ನಕ್ಕವಳು ನನ್ನ ಮುಖ ನೋಡಿ ಪುಸ್ತಕ ಮುಚ್ಚಿದಳು. ಅವಳಿಗೆ ಎಲ್ಲ ಹೇಳಿದೆ: ಅಂಗಡಿ, ರಸ್ತೆ, ಬೋಂಡದ ಪೊಟ್ಟಣ, ದೊಡ್ಡಮ್ಮನ ಬಿಳಿ ಹಾಳೆ. ಒಂದನ್ನು ಮಾತ್ರ ನುಂಗಿಕೊಂಡೆ.

ಅವಳು ಅದನ್ನೇ ಕೇಳಿದಳು: "ಮತ್ತೆ ಆ ಮೊದಲನೇ ಅರ್ಜಿ ಬರೆದಿದ್ದು ಯಾರು?"

"ನಾನೇ ಕಣಮ್ಮಾ" ಎಂದೆ.