ಏರ್‌ಬ್ರಶ್‌ಗೆ ಹಾಕಿದ ಕುಸುಬಿ ಎಣ್ಣೆ

ಏರ್‌ಬ್ರಶ್ ಕಲಿಸುವ ವಿಡಿಯೋದವರನ್ನು ಕಂಡರೆ ನನಗೆ ಆಗುವುದಿಲ್ಲ. ಬಿಳಿ ಮೇಜು, ಬಿಳಿ ಕೈಗವಸು, ಒಂದು ಹನಿ ಬಣ್ಣವೂ ಎಲ್ಲೂ ಚೆಲ್ಲಿರುವುದಿಲ್ಲ. ಹೊಸಬನ ಕೈಯಲ್ಲಿ ಅದೇ ಉಪಕರಣ ಕೆಮ್ಮುತ್ತದೆ, ಉಗುಳುತ್ತದೆ, ಬಟ್ಟಲಿನಲ್ಲಿ ಗುಳ್ಳೆ ಎಬ್ಬಿಸುತ್ತದೆ ಎಂಬುದನ್ನು ಕೊನೆಯ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ನಿವೃತ್ತಿಯಾದ ಮೇಲೆ ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಈ ಹವ್ಯಾಸಕ್ಕೆ ಬಿದ್ದ ನಾನು ಅಂಥ ಹತ್ತು ಜನರನ್ನು ನೋಡಿ, ಹತ್ತೂ ಜನ ದಡ್ಡರೆಂದು ತೀರ್ಮಾನಿಸಿದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದವನಿಗೆ ಇವರೇನು ಹೇಳಿಕೊಡುವುದು?

ಬಣ್ಣ ಸಿಂಪಡಿಸುವ, ಪೆನ್ನಿನಷ್ಟುದ್ದದ ಉಪಕರಣ. ಒಳಗೊಂದು ಉದ್ದ ಸೂಜಿ, ಅದರ ಮೊನೆ ಕೂರುವ ಸಣ್ಣ ನಾಜಲ್, ಮೇಲೆ ಬಣ್ಣದ ಬಟ್ಟಲು, ಬೆರಳಿಗೆ ಸಿಗುವಂತೆ ಒಂದು ಗುಂಡಿ. ಗುಂಡಿ ಒತ್ತಿದರೆ ಕರೆಂಟಿನ ಪಂಪಿನಿಂದ ಗಾಳಿ ಬರುತ್ತದೆ, ಹಿಂದಕ್ಕೆ ಎಳೆದರೆ ಸೂಜಿ ಸರಿದು ಬಣ್ಣ ಬರುತ್ತದೆ. ಇಷ್ಟಕ್ಕೆ ದಿನಾ ಬಿಚ್ಚಿ ತೊಳೆಯುವ ಉಪಚಾರ ಬೇರೆ ಎಂದು ನಗುತ್ತಿದ್ದೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಎಂಟು ದಿನ ಇರುವಾಗ ಹೆಂಡತಿಯ ತಮ್ಮ ಸಂಗೊಳ್ಳಿಯಿಂದ ಬಂದ. ತಾನೇ ಎರೆಮಣ್ಣು ತಿದ್ದಿ ನೆರಳಿನಲ್ಲಿ ಒಣಗಿಸಿದ ಎರಡು ಎತ್ತುಗಳನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದ. ಅವನ ಮನೆಯ ಜೋಡಿಯಲ್ಲಿ ಒಂದು ಎತ್ತು ಮುಪ್ಪಾಗಿ ಯುಗಾದಿಯ ಹೊತ್ತಿಗೆ ಸತ್ತಿತ್ತು. ಉಳಿದದ್ದು ಅಚ್ಚ ಬಿಳಿ. ಸತ್ತದ್ದರ ಮೈಯೂ ಬಿಳಿಯೇ, ಆದರೆ ಬೆನ್ನಿನ ಹಿಣಿಲಿನಿಂದ ಕೊರಳಿಗೆ ಇಳಿಯುವಲ್ಲಿ ಹೊಗೆಯ ಬಣ್ಣ ಇತ್ತು. ಬಿಳುಪು ಎಲ್ಲಿ ಮುಗಿದು ಹೊಗೆ ಎಲ್ಲಿ ಶುರುವಾಯಿತು ಎಂದು ಹೇಳಲು ಆಗುತ್ತಿರಲಿಲ್ಲ.

"ಮಾವಾರ, ಇನ್ನ ಹೊಸಾ ಎತ್ತ ತರೂದಿಲ್ರಿ. ದನದ ಗ್ವಾದ್ಲ್ಯಾಗ ಒಂದ ನಿಂತೈತಿ. ಅಮಾಸಿ ದಿನಾ ಆದ್ರೂ ಜೋಡಿ ನಿಂದರಲಿ. ಅದರ ಬಣ್ಣ ನಿಮ್ಮ ಮಷಿನ್ದಾಗ ಬರತೈತೇನ್ರಿ?" ಎಂದ. ಕೊನೆಯ ಮಾತಿಗೆ ಅವನ ದನಿ ಸಣ್ಣದಾಯಿತು. ಪೂಜೆ ಮುಗಿಸಿ ನೀರಿಗೆ ಬಿಡುವ ಮಣ್ಣಿಗೆ ಇಷ್ಟು ಸಡಗರವೇ ಎಂದು ನನಗೆ ಒಳಗೊಳಗೇ ನಗು. "ಬರಲಾರದ ಏನ್ ಮಾಡತೈತಿ? ಇಟ್ಟ ಹೋಗ" ಎಂದೆ.

ಎರಡೂ ಎತ್ತಿಗೆ ಬಿಳಿ ಬಣ್ಣವನ್ನು ಮಾಮೂಲಿ ಬ್ರಷ್ಷಿನಲ್ಲೇ ಹಚ್ಚಿದೆ. ಹೊಗೆ ಬಣ್ಣ ಅರ್ಧ ಗಂಟೆಯ ಕೆಲಸ, ಆಮೇಲೆ ನೋಡಿದರಾಯಿತು ಎಂದುಕೊಂಡು ಏರ್‌ಬ್ರಶ್ ತೊಳೆದಿಟ್ಟೆ. ತೊಳೆದ ಮೇಲೆ ಒಂದು ಹನಿ ಎಣ್ಣೆ ಬಿಡಬೇಕಂತೆ. ಜೊತೆಗೆ ಬಂದ ಪುಟ್ಟ ಸೀಸೆ ಸೋರಿ ಖಾಲಿಯಾಗಿತ್ತು. ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಕೂತು ಊರಿನ ಹೆಂಗಸರ ಜಂಪರ್ ಹೊಲಿಯುವ ನನ್ನ ಹೆಂಡತಿ, "ಮಷಿನ್ ಎಣ್ಣಿ ತಗೋರಿ, ಇಲ್ಲೇ ಐತಿ" ಎಂದಳು.

"ಅದು ನಿನ್ನ ಹೊಲಿಗಿ ಮಷಿನ್ನಿಗೆ. ಇದು ನಾಜೂಕಿನ ಸಾಮಾನು" ಎಂದೆ. ಸೀಮೆಎಣ್ಣೆ ನಾತದ ಅದನ್ನು ಯಾರು ಮುಟ್ಟುತ್ತಾರೆ? ಅಡುಗೆಮನೆಗೆ ಹೋಗಿ ಗಾಣದ ಕುಸುಬಿ ಎಣ್ಣೆ ತಂದು ಸೂಜಿಗೆ ಧಾರಾಳವಾಗಿ ಸವರಿದೆ. ಮೈದುನನ ಹೊಲದ್ದು, ಕಲಬೆರಕೆ ಇಲ್ಲದ್ದು. ಗುಂಡಿ ಬೆಣ್ಣೆಯಂತೆ ಜಾರಿತು. ಬಿಸಿಲು ಬೀಳುವ ಕಿಟಕಿಯಲ್ಲಿ ಅದನ್ನಿಟ್ಟು ಐದು ದಿನ ಮುಟ್ಟಲಿಲ್ಲ.

ಆರನೆಯ ದಿನ ಬಣ್ಣ ಕಲಸಿ ಕೂತೆ. ಗುಂಡಿ ಹಿಂದಕ್ಕೆ ಹೋಯಿತು, ವಾಪಸ್ಸು ಬರಲಿಲ್ಲ. ಸೂಜಿ ತೆರೆದೇ ನಿಂತಿತು. ಗಾಳಿ ಬಿಟ್ಟರೆ ಸಾಕು, ಕರಿ ಹನಿಗಳು ಎತ್ತಿನ ಹಿಣಿಲಿನ ಮೇಲೆ ರಪರಪ ಬಿದ್ದವು. ಒದ್ದೆ ಬಟ್ಟೆಯಿಂದ ಒರೆಸಿದೆ, ಬಣ್ಣದ ಜೊತೆ ಮಣ್ಣೂ ಎದ್ದಿತು. ಬಣ್ಣ ದಪ್ಪವಾಗಿದೆ ಎಂದು ಥಿನ್ನರ್ ಸುರಿದೆ, ಅದು ಜೇಡನ ಕಾಲಿನಂತೆ ನಾಲ್ಕೂ ಕಡೆ ಹರಿಯಿತು. ಮಾರಿದವನನ್ನು ಬೈದೆ, ವಿಡಿಯೋದವರನ್ನು ಬೈದೆ, ವೋಲ್ಟೇಜ್ ಇಲ್ಲದ ಕರೆಂಟನ್ನು ಬೈದೆ, ಹಬ್ಬಕ್ಕೆ ಎಂಟು ದಿನ ಮೊದಲೇ ಬಂದು ಕೆಲಸ ಹಚ್ಚಿದ ಮೈದುನನನ್ನೂ ಬೈದೆ. ಕೊನೆಗೆ ಪಕ್ಕಡ್ ಹಿಡಿದು ಸೂಜಿ ಎಳೆಯಲು ಹೋದೆ.

ಹೆಂಡತಿ ಹೊಲಿಗೆ ಮಷಿನ್ ಮೆಟ್ಟುತ್ತಿದ್ದ ಕಾಲು ನಿಲ್ಲಿಸಿದಳು. "ಏನ್ ಹಾಕಿದ್ರಿ ಅದಕ?"

"ಕುಸುಬಿ ಎಣ್ಣಿ."

"ಅದು ಒಣಗಿದ್ರ ಅಂಟ ಆಗತೈತ್ರಿ. ನಮ್ಮವ್ವ ಒಮ್ಮೆ ಮಷಿನ್ನಿಗೆ ಹಾಕಿದ್ಲು, ಗಾಲೀನ ತಿರಗಲಿಲ್ಲ."

ಕೆಲವು ಎಣ್ಣೆಗಳು ಗಾಳಿಗೆ ಒಣಗಿ ಗಟ್ಟಿಯಾಗುತ್ತವೆ ಎಂದು ನಾನೇ ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದವನು. ನಮ್ಮ ಅಡುಗೆಮನೆಯ ಎಣ್ಣೆ ಡಬ್ಬಿಯ ಬಾಯಿ ಯಾವಾಗಲೂ ಅಂಟಂಟು ಇರುವುದನ್ನು ಕಂಡವನು. ಪಕ್ಕಡನ್ನೂ ಏರ್‌ಬ್ರಶ್ಶನ್ನೂ ಅವಳ ಮುಂದೆ ಇಟ್ಟೆ.

ಅವಳು ಪಕ್ಕಡ್ ಬದಿಗಿಟ್ಟು, ಲೈನಿಂಗ್ ಬಟ್ಟೆಯ ಚೂರನ್ನು ಥಿನ್ನರಿನಲ್ಲಿ ಅದ್ದಿ, ಸೂಜಿಯನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ ತೆಗೆದಳು. ಹಿಂದಿನಿಂದ ಮೊನೆಯ ಕಡೆಗೆ ತಿರುಗಿಸುತ್ತ ಒರೆಸಿದಳು. ನಾಜಲ್ ನೆನೆಸಿಟ್ಟಳು. ಗುಂಡಿಯ ಬುಡಕ್ಕೆ ಮಾತ್ರ ಮಷಿನ್ ಎಣ್ಣೆಯ ಒಂದು ಹನಿ ಬಿಟ್ಟು, ಹಳೆಯ ಪೇಪರಿನ ಮೇಲೆ ಒತ್ತಿ ನೋಡಿದಳು. ಕೂದಲೆಳೆಯಂಥ ಗೆರೆ ಬಂತು. ತಿಂಗಳೆರಡು ಕಳೆದರೂ ನನಗೆ ಬರದ ಗೆರೆ ಅದು. ಎಷ್ಟು ಮೆಟ್ಟಿದರೆ ಎಷ್ಟು ಹೊಲಿಗೆ ಎಂದು ಕಾಲಿಗೆ ಗೊತ್ತಿದ್ದವಳಿಗೆ ಬೆರಳಿಗೂ ಅದು ಬೇಗ ಗೊತ್ತಾಯಿತು.

ಕೆಟ್ಟ ಭಾಗವನ್ನು ತಿಕ್ಕಿ, ಮತ್ತೆ ಬಿಳಿ ಹಚ್ಚಿ, ಮರುದಿನ ಅವಳೇ ಹೊಗೆ ಬಣ್ಣ ಹಾಕಿದಳು. "ಕೊಳ್ಳಿನ ಕೆಳಗ ಇನ್ನೊಂದ್ ಚೂರ ಕಪ್ಪ ಇತ್ತು ಅದಕ" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಪ್ರತಿ ಸಲ ತವರಿಗೆ ಹೋದಾಗಲೂ ಅವಳು ಅದರ ಮೈ ಸವರಿದ್ದಳು. ನಾನು ಅದನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಮೈದುನ ಬಂದ. ಎತ್ತನ್ನು ಅಂಗೈ ಮೇಲಿಟ್ಟುಕೊಂಡು ಹಿಣಿಲಿನಿಂದ ಕೊರಳಿನವರೆಗೆ ಬೆರಳಾಡಿಸಿದ. "ಮಾವಾರ, ಅದ ಎದ್ದ ಬಂದಂಗ ಆತ್ರಿ" ಎಂದು ಎತ್ತನ್ನು ಮೇಜಿನ ಮೇಲಿಟ್ಟು, ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಅವನ ತಲೆಯ ಮೇಲೆ ಕೈ ಇಟ್ಟು, "ಇರಲಿ ಏಳಪಾ, ಏನ್ ಮಹಾ ಕೆಲಸ" ಎಂದೆ. ಮೂಲೆಯಲ್ಲಿ ಹೊಲಿಗೆ ಮಷಿನ್ನಿನ ಸದ್ದು ನಿಲ್ಲಲಿಲ್ಲ.

ಅವನು ಎತ್ತುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದ ಮೇಲೆ ನನಗೆ ಕೂರಲಾಗಲಿಲ್ಲ. ಜೀವನವಿಡೀ ಕಂಡವರನ್ನೆಲ್ಲ ದಡ್ಡರು, ಹುಂಬರು ಎಂದವನು ನಾನು. ಅವರಲ್ಲಿ ಯಾರೂ ಇಂಥ ಹಲ್ಕಾ ಕೆಲಸ ಮಾಡಿರಲಿಲ್ಲ. "ನಾಳೆ ಫೋನ್ ಮಾಡಿ, ನೀನ ಮಾಡಿದ್ದು ಅಂತ ಹೇಳತೇನಿ" ಎಂದೆ.

ಅವಳು ದಾರ ಕಡಿದು, ಹೊಲಿದ ತೋಳನ್ನು ಮಡಚಿಟ್ಟಳು. "ಬ್ಯಾಡ್ರಿ. ಕಾಲ ಮುಟ್ಟಿ ಹೋಗ್ಯಾನ. ಈಗ ಹೇಳಿದ್ರ ಅವಗ ನಾಚಿಕಿ ಆಗತೈತಿ."

ನನಗೂ ನಾಚಿಕೆ ಆಗಬಹುದೆಂದು ಅವಳಿಗೆ ಅನ್ನಿಸಿರಲೇ ಇಲ್ಲ.