ಅಗ್ಗದ ಗಾಳದ ಕೋಲು

ನಾನು ಮೀನು ತಿನ್ನುವವನಲ್ಲ, ಹಿಡಿದವನೂ ಅಲ್ಲ. ನಮ್ಮ ಮನೆಯಲ್ಲಿ ಮೀನಿನ ಹೆಸರೆತ್ತಿದರೆ ಹಿರಿಯರು ಕತ್ತಿನ ಶಿವದಾರ ಮುಟ್ಟಿಕೊಂಡು ‘ಶಿವ ಶಿವಾ’ ಅನ್ನುತ್ತಿದ್ದರು. ಪಂಚಾಂಗದಲ್ಲಿ ಮೀನರಾಶಿಯ ಚಿತ್ರ ಬಂದರೂ ನಮ್ಮಜ್ಜಿ ಆ ಹಾಳೆಯನ್ನು ಬೇಗ ಮಗುಚುತ್ತಿದ್ದಳು. ಇಂಥ ಮನೆಯಲ್ಲಿ ಹುಟ್ಟಿದ ನಾನು, ಸಣ್ಣ ಸಂಬಳದವನು ಗಾಳದ ಕೋಲನ್ನು ಹೇಗೆ ಆರಿಸಬೇಕು ಎಂಬ ವಿಷಯದಲ್ಲಿ ಕೊಳ್ಳೇಗಾಲದಿಂದ ಹನೂರಿನವರೆಗೆ ಯಾರ ಜೊತೆ ಬೇಕಾದರೂ ವಾದಕ್ಕೆ ನಿಲ್ಲಬಲ್ಲೆ ಎಂದರೆ ನೀವು ನಗುತ್ತೀರಿ. ನಗಿ. ನಗುವುದಕ್ಕೆ ನನಗೂ ಆಸೆಯಿದೆ, ಆದರೆ ಸುಸ್ತು.

ಸುಸ್ತು ಎಂದೆನಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಆಗ ಕೊಳ್ಳೇಗಾಲ ಮದರಾಸು ರಾಜ್ಯದಿಂದ ಮೈಸೂರಿಗೆ ಸೇರಿ ಇನ್ನೂ ಹೊಸದು. ನಾನು ಊರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಊರಿನವರೆಲ್ಲ ಸಿಹಿ ಹಂಚಿ ಸಂಭ್ರಮಪಟ್ಟರು, ನಾನೂ ಒಂದು ಉಂಡೆ ತಿಂದೆ. ಆಮೇಲೆ ಗೊತ್ತಾಯಿತು, ನಮ್ಮ ಜಿಲ್ಲೆ ಕೊಯಮತ್ತೂರು ಎಂದು ವರ್ಷಗಟ್ಟಲೆ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದನ್ನೆಲ್ಲ ಅಳಿಸಿ ಮೈಸೂರು ಎಂದು ಬರೆಸುವ ಕೆಲಸ ನನ್ನ ತಲೆಗೇ ಬಂದಿದೆ ಎಂದು. ಪುಸ್ತಕ ಬದಲಾಯಿತು, ಪಾಠ ಬದಲಾಯಿತು, ಇನ್‌ಸ್ಪೆಕ್ಟರು ಬದಲಾದರು. ಬದಲಾಗದೆ ಉಳಿದದ್ದು ನನ್ನ ಗಂಟಲು ಮತ್ತು ನನ್ನ ಸಂಬಳ. ಎರಡೂ ತಿಂಗಳ ಕೊನೆಗೆ ಬತ್ತಿಹೋಗುತ್ತಿದ್ದವು.

ಮನೆಗೆ ಬಂದು ಕಾಲು ಚಾಚೋಣವೆಂದರೆ ಅಲ್ಲಿ ಜಾಗವಿಲ್ಲ. ಪೇಟೆಯಲ್ಲಿ ಮನೆ ಮಾಡಿದ ತಪ್ಪಿಗೆ ನಮ್ಮದು ನೆಂಟರಿಗೆಲ್ಲ ಸತ್ರವಾಗಿತ್ತು. ಲೊಕ್ಕನಹಳ್ಳಿಯ ನಮ್ಮ ದೊಡ್ಡಪ್ಪನನ್ನೇ ತೆಗೆದುಕೊಳ್ಳಿ. ಅವನಿಗೆ ಮಂಡಿನೋವು. ಆಸ್ಪತ್ರೆ ಇರುವುದು ಕಾಮಗೆರೆಯಲ್ಲಿ. ಲೊಕ್ಕನಹಳ್ಳಿಯಿಂದ ಬಸ್ಸಿನಲ್ಲಿ ಬರುವವನಿಗೆ ಕಾಮಗೆರೆ ದಾರಿಯಲ್ಲೇ ಸಿಗುತ್ತದೆ. ಆದರೆ ದೊಡ್ಡಪ್ಪ ಅಲ್ಲಿ ಇಳಿಯುವುದಿಲ್ಲ. ಆಸ್ಪತ್ರೆಯನ್ನು ಕಿಟಕಿಯಿಂದ ನೋಡಿಕೊಂಡು ಸೀದಾ ಕೊಳ್ಳೇಗಾಲಕ್ಕೆ ಬಂದು, ನಮ್ಮಲ್ಲಿ ಉಂಡು ಮಲಗಿ, ಮಾರನೆಯ ದಿನ ಹಿಂದಕ್ಕೆ ಕಾಮಗೆರೆಗೆ ಹೋಗಿ, ಔಷಧಿ ತೆಗೆದುಕೊಂಡು, ಅದು ನಾಟುತ್ತದೋ ಇಲ್ಲವೋ ನೋಡಲು ಮತ್ತೆ ನಮ್ಮ ಮನೆಗೇ ಬರುತ್ತಾನೆ. ಅವನ ಹಿಂದೆ ಕೋರ್ಟಿಗೆ ಬಂದವರು, ರೇಷ್ಮೆಗೂಡು ಮಾರಲು ಬಂದವರು, ಸುಮ್ಮನೆ ಬಂದವರು. ಯಾರನ್ನೂ ಬೇಡವೆನ್ನುವಂತಿಲ್ಲ. ಎಲ್ಲರೂ ಒಳ್ಳೆಯವರೇ, ಅದೇ ಕಷ್ಟ.

ನನಗೆ ಬೇಕಾಗಿದ್ದು ಬಹಳ ಸಣ್ಣದು. ವಾರಕ್ಕೊಂದು ಸಲ, ಯಾರೂ ಏನೂ ಕೇಳದ ಜಾಗದಲ್ಲಿ ಒಂದಿಷ್ಟು ಹೊತ್ತು ಸುಮ್ಮನೆ ಕೂರಬೇಕು. ಸೈಕಲ್ಲಿದ್ದ ಕಾರಣ ಒಂದು ಭಾನುವಾರ ಧನಗೆರೆ ದಾಟಿ ಕಾವೇರಿಯ ದಡಕ್ಕೆ ಹೋದೆ. ಹೊಂಗೆ ಮರದ ನೆರಳಲ್ಲಿ ಕೂತು ನೀರು ನೋಡತೊಡಗಿದೆ. ಆಹಾ ಎಂದು ಇನ್ನೂ ಪೂರ್ತಿ ಅಂದಿರಲಿಲ್ಲ, ದನ ಹೊಡೆದುಕೊಂಡು ಬಂದವನೊಬ್ಬ ನಿಂತ.

“ಯಾಕ್ ಸಾ ಇಲ್ ಬಂದ್ ಕುಂತಿದ್ದೀರಿ? ಮನೇಲೇನಾರ ಜಗ್ಳವಾ?”

ಇಲ್ಲಪ್ಪ, ಸುಮ್ಮನೆ ಎಂದೆ. ಅವನು ನಂಬಲಿಲ್ಲ. ನಮ್ಮ ಕಡೆ ಸುಮ್ಮನೆ ಎಂಬ ಮಾತನ್ನು ಯಾರೂ ನಂಬುವುದಿಲ್ಲ. ಅವನು ಹೋಗಿ ಇನ್ನೊಬ್ಬನನ್ನು ಕಳಿಸಿದ. ಆ ಇನ್ನೊಬ್ಬ ನನ್ನ ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡು, “ಒಳೆ ತಾವ ಒಬ್ಬೊಬ್ರೇ ಬರಬ್ಯಾಡಿ ಮೇಷ್ಟ್ರೇ. ಕಷ್ಟ ಯಾರಿಗಿಲ್ಲ ಏಳಿ” ಎಂದು ತನ್ನ ಕಷ್ಟವನ್ನೆಲ್ಲ ಹೇಳಿ, ಸೈಕಲ್ಲಿನವರೆಗೂ ಕರೆತಂದು ಬಿಟ್ಟ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಗೌರ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಪಕ್ಕದ ಮನೆಯವರು ಬಾವಿಗೆ ಹಲಗೆ ಮುಚ್ಚುತ್ತಿದ್ದರು. ಆಮೇಲೆ ನಾನು ಸ್ನಾನಕ್ಕೆ ಹೋದರೂ ಹೊರಗಿನಿಂದ ಯಾರಾದರೊಬ್ಬರು ಕೆಮ್ಮಿ ನೋಡುತ್ತಿದ್ದರು.

ಆಗ ನನಗೆ ನೆನಪಾದವನು ಚಿಕ್ಕಸಿದ್ದ. ಅವನು ಆ ದಡದಲ್ಲೇ ಗುಡಿಸಲು ಹಾಕಿಕೊಂಡು ಮೀನು ಹಿಡಿಯುವವನು. ನನಗಿಂತ ಮುಂಚೆ ಬಂದು ಕೂತಿದ್ದ, ನಾನೆದ್ದ ಮೇಲೂ ಕೂತಿದ್ದ. ದನದವನು ಅವನ ಬೆನ್ನ ಹಿಂದೆಯೇ ಹಾದುಬಂದರೂ ಒಂದು ಮಾತು ಕೇಳಲಿಲ್ಲ. ಯಾಕೆ? ಅವನ ಕೈಯಲ್ಲಿ ಕೋಲಿತ್ತು. ನಮ್ಮ ಪುರಾಣದ ಋಷಿಗಳು ಸುಮ್ಮನೆ ಕೂರುವುದಕ್ಕೆ ಎಷ್ಟೊಂದು ಸಾಮಾನು ಇಟ್ಟುಕೊಂಡಿದ್ದರು, ನೋಡಿ. ಕಮಂಡಲು, ಜಪಮಾಲೆ, ಯೋಗದಂಡ, ಜಿಂಕೆಯ ಚರ್ಮ. ಇವೊಂದೂ ಇಲ್ಲದೆ ಬರಿಗೈಲಿ ಕೂತಿದ್ದರೆ ದಾರಿಹೋಕರೇ ‘ಮನೇಲಿ ಜಗಳವಾ ಸ್ವಾಮಿ’ ಎಂದು ಕೇಳಿ ತಪಸ್ಸು ಕೆಡಿಸುತ್ತಿದ್ದರು. ಅಷ್ಟಕ್ಕೆ ಇಂದ್ರಲೋಕದಿಂದ ಅಪ್ಸರೆ ಬರುವ ಅಗತ್ಯವಿರಲಿಲ್ಲ. ನಾನೂ ಒಂದು ಕೋಲು ಕೊಳ್ಳಬೇಕೆಂದು ತೀರ್ಮಾನಿಸಿದೆ.

ಕೋಲು ಕೊಳ್ಳುವುದು ಹೆಣ್ಣು ನೋಡುವುದಕ್ಕಿಂತ ಕಷ್ಟ. ಮೈಸೂರಿಗೆ ಯಾವುದೋ ತರಬೇತಿಗೆ ಹೋದವನು ಒಂದು ದೊಡ್ಡ ಅಂಗಡಿಗೆ ನುಗ್ಗಿದೆ. ಅಂಗಡಿಯವನು ಹೊರದೇಶದ ಕೋಲೊಂದನ್ನು ಮಖಮಲ್ಲಿನ ಚೀಲದಿಂದ ಈಚೆಗೆಳೆದ. ಅದಕ್ಕೊಂದು ಗಿರಗಿಟ್ಟಲೆಯಂಥ ಚಕ್ರ, ತಿರುಗಿಸಿದರೆ ಕಿರ್ರೆಂದು ದಾರ ಸುತ್ತಿಕೊಳ್ಳುತ್ತಿತ್ತು. ಬೆಲೆ ಕೇಳಿದೆ. ಹೇಳಿದ. ನಾನು ತಲೆಯಾಡಿಸಿ, ಇದರ ಬಣ್ಣ ನನಗೆ ಸರಿಬರಲಿಲ್ಲ ಎಂದು ಹೊರಗೆ ಬಂದೆ. ಬಡವನಿಗೆ ಬಣ್ಣದಷ್ಟು ಉಪಕಾರಿ ಬೇರೆ ಇಲ್ಲ.

ಅದಾದ ಮೇಲೆ, ನಾವೆಲ್ಲ ಬ್ಲಫ್ ಎನ್ನುವ ಶಿವನಸಮುದ್ರದಲ್ಲಿ ಯಾರೋ ಹಳೆಯ ಸಾಹೇಬರ ಕೋಲು ಅಗ್ಗಕ್ಕೆ ಸಿಗುತ್ತದೆಂದು ಕೇಳಿ ಹೋದೆ. ಅವರ ಅಡಿಗೆಯವನ ಹತ್ತಿರ ಉಳಿದಿತ್ತಂತೆ. ಮೂರು ತುಂಡಿನ ಕೋಲು, ಹಿತ್ತಾಳೆಯ ಉಂಗುರಗಳು, ಹಿಡಿಗೆ ಬೆಂಡಿನ ಮೆತ್ತೆ. ಬೆಲೆಯೂ ನನ್ನ ಕೈಗೆ ಎಟುಕುವಂತಿತ್ತು. ಜೋಡಿಸಿ ಹಿಡಿದು ನಿಂತೆ. ಕ್ಷಣದಲ್ಲಿ ನಾಲ್ಕಾರು ಜನ ಸುತ್ತ ಸೇರಿ ಒಬ್ಬರಾದ ಮೇಲೊಬ್ಬರು ಮುಟ್ಟಿ ನೋಡತೊಡಗಿದರು. ಜನರಿಂದ ತಪ್ಪಿಸಿಕೊಳ್ಳಲು ಕೊಳ್ಳುವ ಕೋಲು ಜನ ಸೇರಿಸಿದರೆ ಏನು ಪ್ರಯೋಜನ? ಇಲ್ಲೇ ನಾನು ಮೊದಲನೆಯ ಸೂತ್ರ ಕಂಡುಕೊಂಡೆ. ಅಗ್ಗದ ಕೋಲು ಅಗ್ಗವೆಂದು ದೂರದಿಂದಲೇ ಕಾಣಬೇಕು.

ಕೊನೆಗೆ ಕೊಳ್ಳೇಗಾಲದ ಮೇದರ ಬೀದಿಗೇ ಬಂದೆ. ಬುಟ್ಟಿ ಹೆಣೆಯುತ್ತಿದ್ದ ಪುಟ್ಟತಾಯಮ್ಮನ ಮನೆ ಮುಂದೆ ಬಿದಿರು ಸಾಲಾಗಿ ಒರಗಿಸಿತ್ತು. ಉದ್ದವಾದ, ಹಗುರವಾದ, ತುದಿ ಸಣ್ಣಗಿರುವ ಒಂದು ಬೇಕು ಎಂದೆ.

“ಯಾತಕ್ ಸಾ?”

ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ ಇಟ್ಟುಕೊಂಡವನು ಮೀನಿಗೆ ಎನ್ನುವುದು ಹೇಗೆ? “ಸ್ಕೂಲಿಗೆ. ಹುಡುಗರಿಗೆ” ಎಂದುಬಿಟ್ಟೆ.

ಅವಳು ಕೋಲಿನ ಬುಡದಿಂದ ತುದಿಯವರೆಗೂ ಕಣ್ಣಾಡಿಸಿದಳು. “ಇಷ್ಟುದ್ದವಾ? ಕೊನೇ ಬೆಂಚಿನ ಐಕ್ಳಿಗಾ ಸಾ? ಕುರ್ಚಿ ಮ್ಯಾಲ್ ಕುಂತ್ಕಂಡೇ ಒಡೀತೀರಾ?”

ನಕ್ಷೆ ತೋರಿಸುವುದಕ್ಕೂ ಆಗುತ್ತದೆ ಎಂದು ತೊದಲಿದೆ. ತುದಿ ಬಳುಕುತ್ತದೆಯೇ ಎಂದು ಗಾಳಿಯಲ್ಲಿ ಬೀಸಿ ನೋಡುವಾಗ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. “ತಕಂಡ್ ಓಗಿ ಸಾ. ನಾ ಯಾರ್ಗೂ ಏಳಾಕಿಲ್ಲ” ಎಂದಳು. ಚೌಕಾಸಿ ಮಾಡುವ ಧೈರ್ಯ ನನಗೆ ಬರಲಿಲ್ಲ.

ಮನೆಗೆ ಕೋಲು ಹೊತ್ತು ಬಂದಾಗ ಗೌರಳ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. “ಅಂತೂ ತಂದ್ಬುಟ್ರಲ್ಲ! ಬಟ್ಟೆ ಒಣಗಾಕಕ್ಕೆ ಗಳ ಇಲ್ಲ ಅಂತ ಎಷ್ಟ್ ದಿವ್ಸದಿಂದ ಬಾಯ್ ಬಡ್ಕತಿದ್ದೆ” ಎಂದು ಅದನ್ನು ನನ್ನ ಕೈಯಿಂದ ಇಸಿದುಕೊಂಡು, ನಡುಮನೆಯ ತೊಲೆಗೆ ಹಗ್ಗ ಕಟ್ಟಿ ತೂಗುಹಾಕಿ, ದೊಡ್ಡಪ್ಪನ ಒದ್ದೆ ಪಂಚೆ ಹರವಿಯೂಬಿಟ್ಟಳು. ಅಷ್ಟು ಸಂತೋಷವನ್ನು ಕೆಡಿಸುವ ಶಕ್ತಿ ನನಗಿರಲಿಲ್ಲ. ಮತ್ತೆ ಮೇದರ ಬೀದಿಗೆ ಹೋದೆ. ಪುಟ್ಟತಾಯಮ್ಮ ಏನೂ ಕೇಳದೆ ಅಂಥದೇ ಇನ್ನೊಂದನ್ನು ಎತ್ತಿಕೊಟ್ಟಳು. ಆದ್ದರಿಂದ ಅಗ್ಗದ ಕೋಲು ಕೊಳ್ಳುವವರಿಗೆ ನನ್ನ ಎರಡನೆಯ ಸೂತ್ರ: ಸಂಸಾರಿಗಳು ಎರಡು ಕೋಲಿನ ದುಡ್ಡು ಇಟ್ಟುಕೊಂಡೇ ಹೊರಡಬೇಕು.

ಈ ಎರಡನೆಯದನ್ನು ಸೀದಾ ಚಿಕ್ಕಸಿದ್ದನ ಗುಡಿಸಲಿಗೆ ಸಾಗಿಸಿ ಅಲ್ಲೇ ಇಟ್ಟೆ. ಅವನು ದಾರ ಕಟ್ಟಿಕೊಟ್ಟು, ಬೆಂಡು ಸಿಕ್ಕಿಸಿ, ಗಾಳ ಕಟ್ಟಲು ಕೈ ಹಾಕಿದ. ಬೇಡವೆಂದೆ. ಜೀವಹಿಂಸೆ ನಮಗಾಗದು, ಮೇಲಾಗಿ ಅಪ್ಪಿತಪ್ಪಿ ಮೀನು ಸಿಕ್ಕಿಬಿಟ್ಟರೆ ಅದನ್ನೇನು ಮಾಡಲಿ? ಚಿಕ್ಕಸಿದ್ದ ಗಾಳವನ್ನು ಎತ್ತಿಟ್ಟು, “ನಿಮ್ಮಿಷ್ಟ ಬುಡಿ ಸಾ” ಎಂದು ತನ್ನ ಜಾಗಕ್ಕೆ ಹೋದ.

ಆ ಭಾನುವಾರಗಳನ್ನು ಏನೆಂದು ಹೇಳಲಿ! ಕೋಲು ಹಿಡಿದು ಕೂತೆ, ಅಷ್ಟೆ. ದನದವನು ಬಂದ, ನೋಡಿದ, ಹೋದ. ಕಟ್ಟಿಗೆಯವರು ಬಂದರು, ಹೋದರು. ಯಾರೂ ನನ್ನ ಕಷ್ಟ ಕೇಳಲಿಲ್ಲ, ತಮ್ಮ ಕಷ್ಟ ಹೇಳಲಿಲ್ಲ. ಬೆಂಡು ನೀರಿನ ಮೇಲೆ ಕುಣಿಯುತ್ತಿತ್ತು. ಮೀನುಗಳಿಗೂ ನನ್ನಿಂದ ತೊಂದರೆಯಿರಲಿಲ್ಲ. ಸೋಮವಾರ ತರಗತಿಗೆ ಹೋದರೆ ಗಂಟಲು ತಾನಾಗಿ ತೆರೆದುಕೊಳ್ಳುತ್ತಿತ್ತು. ನನ್ನ ಆಯುಷ್ಯದಲ್ಲಿ ಅಷ್ಟು ಸುಖವಾಗಿ ನಾನೆಂದೂ ಕೂತಿಲ್ಲ.

ಸುಖವೆಂದ ಮೇಲೆ ಅದಕ್ಕೆ ಕಲ್ಲು ಬೀಳಲೇಬೇಕಲ್ಲ. ಮೇಷ್ಟ್ರು ಮೀನು ಹಿಡಿಯುತ್ತಾರೆ ಎಂಬ ಸುದ್ದಿ ಧನಗೆರೆಯಿಂದ ಹೊರಟು, ನನಗೆ ಗೊತ್ತಿಲ್ಲದ ದಾರಿಯಲ್ಲಿ ಲೊಕ್ಕನಹಳ್ಳಿಗೆ ಹೋಯಿತು. ದೊಡ್ಡಪ್ಪ ಈ ಸಲ ಮಂಡಿನೋವು ಮರೆತು, ಊರಿನ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಬಂದ. ಹೊಳೆಗೆ ಬಿದ್ದು ಸಾಯುವುದನ್ನಾದರೂ ನಮ್ಮ ಜನ ಕ್ಷಮಿಸಿಯಾರು, ಹೊಳೆಯಿಂದ ಮೀನು ತರುವುದನ್ನಲ್ಲ. ನಡುಮನೆಯಲ್ಲಿ ಕೂರಿಸಿ ಕೇಳಿದರು.

“ನಿಜ ಏಳ್ಲಾ ಮಾದೇವ. ಮೀನ್ ತಿಂತಿದ್ದೀಯಾ? ಲಿಂಗ ಕಟ್ಟಿರೋ ಕತ್ಕಣ್ಲಾ ಇದು!”

ಇಲ್ಲವೆಂದೆ. ನಂಬಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ, ಆ ಕೋಲಿನ ದಾರದಲ್ಲಿ ಗಾಳವೇ ಇಲ್ಲ, ಬೇಕಾದರೆ ಚಿಕ್ಕಸಿದ್ದನನ್ನು ಕೇಳಿ ಎಂದುಬಿಟ್ಟೆ. ಗೆದ್ದೆನೆಂದುಕೊಂಡೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಪ್ಪನ ದನಿ ಮೆತ್ತಗಾಯಿತು.

“ಗಾಳ ಇಲ್ದ ಕೋಲಾ? ಅದ್ನ ಇಡ್ಕಂಡು ಬೆಳಗಿಂದ ಸಂದೆಗಂಟ ಕುಂತಿರ್ತೀಯಾ ಮಗಾ?”

ಹೌದೆಂದೆ. ಮೀನಿನ ಮಾತು ಅಲ್ಲಿಗೆ ಮುಗಿಯಿತು, ನನ್ನ ತಲೆಯ ಮಾತು ಶುರುವಾಯಿತು. ಮಾದಪ್ಪನ ಬೆಟ್ಟಕ್ಕೆ ಕರೆದೊಯ್ಯುವುದೋ, ಕಾಮಗೆರೆ ಆಸ್ಪತ್ರೆಯಲ್ಲೇ ತೋರಿಸುವುದೋ ಎಂದು ನನ್ನ ಎದುರಿಗೇ ಚರ್ಚೆ ನಡೆಯಿತು. ಇನ್ನು ಆ ದಡದಲ್ಲಿ ನನ್ನನ್ನು ಒಬ್ಬನೇ ಕೂರಲು ಯಾರೂ ಬಿಡುವುದಿಲ್ಲ ಎನ್ನುವುದು ಮಾತ್ರ ಖಂಡಿತವಾಗಿತ್ತು. ಎದ್ದು ಹಿತ್ತಲಿಗೆ ಹೋದೆ.

ಹಿತ್ತಲ ಮೆಟ್ಟಿಲ ಮೇಲೆ ಗೌರ ಮೊರ ತೊಡೆಯ ಮೇಲಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತೆ. “ನೀನೂ ನನಗೆ ತಲೆ ಕೆಟ್ಟಿದೆ ಅಂತೀಯಾ?” ಎಂದೆ.

ಅವಳು ತಲೆಯೆತ್ತಲಿಲ್ಲ. “ಅಲ್ ಕುಂತಾಗ ನಿಮ್ಗೆ ಏನನ್ನಿಸ್ತದೆ?”

“ಏನೂ ಅನ್ನಿಸಲ್ಲ. ಅದಕ್ಕೇ ಹೋಗೋದು.”

“ಊಂ” ಎಂದಳು. ಬೆರಳು ಅಕ್ಕಿಯನ್ನು ಈ ಕಡೆಯಿಂದ ಆ ಕಡೆಗೆ ಸರಿಸುತ್ತಿತ್ತು. ಸುಮ್ಮನಿರಲಾರದೆ ನಾನೂ ಮೊರಕ್ಕೆ ಕೈ ಹಾಕಿ ಕಲ್ಲು ಹುಡುಕಿದೆ. ಸಿಗಲಿಲ್ಲ. ಭತ್ತವಾದರೂ ಇದೆಯೇ ನೋಡಿದೆ, ಅದೂ ಇಲ್ಲ. ಒಂದು ನುಚ್ಚು ಕೂಡ ಇಲ್ಲದ, ಕನ್ನಡಿಯಂಥ ಅಕ್ಕಿ.

“ಇದು ಆರಿಸಿದ ಅಕ್ಕಿಯಲ್ಲವೇನೇ?”

“ಬೆಳಗ್ಗೆನೇ ಆರ್ಸಿದ್ದೆ” ಎಂದಳು. ಕೈ ನಿಲ್ಲಿಸಲಿಲ್ಲ. “ಮೊರ ಕೆಳಗಿಟ್ರೆ ಯಾರಾರ ಕರೀತಾರೆ.”

ಈ ಮನೆಗೆ ಬಂದಾಗಿನಿಂದ ಅವಳು ಎಷ್ಟು ಅಕ್ಕಿ ಆರಿಸಿದ್ದಾಳೆ ಎಂದು ಯೋಚಿಸಿದೆ. ಪಾಪ, ನನಗಾದರೋ ಹೊಳೆಯಿತ್ತು. ಅಷ್ಟರಲ್ಲಿ ನಡುಮನೆಯಿಂದ ದೊಡ್ಡಪ್ಪನ ಕೂಗು ಬಂತು. “ಗೌರವ್ವಾ, ವಸಿ ನೀರ್ ಕೊಡವ್ವಾ ಎಲ್ಲಾರ್ಗೂ!”

ಅವಳು ಮೊರ ಇಳಿಸಲು ಹೊರಟಳು. ನಾನು ಅದರ ಅಂಚು ಹಿಡಿದು ಅವಳ ತೊಡೆಯ ಮೇಲೇ ಇರಿಸಿದೆ.

“ಅವ್ಳು ಅಕ್ಕಿ ಆರಿಸ್ತಾ ಅವ್ಳೆ ದೊಡ್ಡಪ್ಪ. ನಾನೇ ತತ್ತೀನಿ” ಎಂದು ಕೂಗಿ ಹೇಳಿ ಒಳಗೆ ಹೋದೆ. ಕೊಡ ಖಾಲಿಯಾಗಿತ್ತು, ಬಾವಿಯಿಂದ ಸೇದಿ ತಂದು ಕೊಟ್ಟೆ. ಆಮೇಲೆ ಕಾಫಿ ಕೇಳಿದರು. ಅದನ್ನೂ ಮಾಡಿದೆ, ಯಾರೂ ಎರಡನೆಯ ಲೋಟ ಕೇಳಲಿಲ್ಲ. ಎಲೆಯಡಿಕೆ ತಟ್ಟೆ ಹುಡುಕಿದೆ, ಚಾಪೆ ಹಾಸಿದೆ, ನನ್ನ ತಲೆಯ ಬಗ್ಗೆ ನಡೆಯುತ್ತಿದ್ದ ಮಾತಿಗೆ ನಡುನಡುವೆ ಹೂಂಗುಟ್ಟಿದೆ. ಅವತ್ತು ಗೌರ ದೀಪ ಹಚ್ಚುವ ಹೊತ್ತಿನವರೆಗೂ ಅಕ್ಕಿ ಆರಿಸಿದಳು.